ದವಡೆ ಕೀಲಿನ ನೋವು: ಮೊದಲು ಕನ್ನಡಿ, ಆಮೇಲೆ ಕ್ಲಿನಿಕ್

ಕಿವಿನೋವು ಎಂದು ಇಎನ್‌ಟಿ ವೈದ್ಯರ ಬಳಿ ಹೋದರೆ ‘ಕಿವಿ ಚೆನ್ನಾಗೇ ಇದೆಯಲ್ಲ’ ಎನ್ನುತ್ತಾರೆ. ಹಣೆಯ ಬದಿ ಸಿಡಿಯುತ್ತದೆ ಎಂದು ಕಣ್ಣು ತೋರಿಸಿ ಕನ್ನಡಕ ಬದಲಾಯಿಸಿದ್ದೂ ಆಗುತ್ತದೆ. ಕೊನೆಗೆ ಹಲ್ಲಿನದೇ ಇರಬೇಕೆಂದು ಹುಳುಕಿಲ್ಲದ ದವಡೆಹಲ್ಲೊಂದಕ್ಕೆ ರೂಟ್ ಕೆನಾಲ್ ಮಾಡಿಸುತ್ತಾರೆ. ನೋವು ಮಾತ್ರ ಇದ್ದಲ್ಲೇ ಇರುತ್ತದೆ. ದವಡೆ ಕೀಲಿನ ತೊಂದರೆ ಇರುವವರಲ್ಲಿ ಈ ಸುತ್ತಾಟ ತೀರಾ ಸಾಮಾನ್ಯ. ವೈದ್ಯರು ಈ ಕೀಲನ್ನು ಟಿಎಂಜೆ ಎನ್ನುತ್ತಾರೆ, ಅದರ ತೊಂದರೆಗಳಿಗೆಲ್ಲ ಸೇರಿ ಟಿಎಂಡಿ ಎಂಬ ಹೆಸರಿದೆ. ಹೆಚ್ಚಾಗಿ ಕಾಣಿಸುವುದು 20ರಿಂದ 40ರ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ.

ಈ ನೋವಿನಲ್ಲಿ ಬಹುಪಾಲು ಮನೆಯಲ್ಲೇ, ತಿಂಗಳು ಎರಡು ತಿಂಗಳಲ್ಲಿ ಹತೋಟಿಗೆ ಬರುವಂಥದ್ದು. ನಡುವೆ ಹಲ್ಲು ಉಜ್ಜಿಸಿ ಎತ್ತರ ಇಳಿಸುವುದು, ಕ್ಯಾಪ್ ಹಾಕಿಸುವುದು, ತಂತಿ ಕಟ್ಟಿಸುವುದು, ಆಪರೇಷನ್ ಎಂದು ಮತ್ತೆ ಮೊದಲಿನಂತೆ ಮಾಡಲಾಗದ ಕೆಲಸಕ್ಕೆ ಆತುರಪಟ್ಟು ಕೈಹಾಕಬೇಡಿ. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಮಾತನ್ನು ಆಧರಿಸಿದೆ.

ಕೀಲು ಎಲ್ಲಿದೆ, ಏನು ಮಾಡುತ್ತದೆ

ಎರಡೂ ತೋರುಬೆರಳುಗಳನ್ನು ಕಿವಿಯ ತೂತಿನ ಮುಂದೆ, ಒಂದು ಸೆಂಟಿಮೀಟರ್ ಅಂತರದಲ್ಲಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಗುಂಡಗಿನ ಮೂಳೆಯೊಂದು ಓಡಾಡುವುದು ಗೊತ್ತಾಗುತ್ತದೆ. ಅದು ಕೆಳದವಡೆಯ ತಲೆ. ಬಾಯಿ ಅರ್ಧ ತೆರೆಯುವವರೆಗೆ ಅದು ಇದ್ದಲ್ಲೇ ತಿರುಗುತ್ತದೆ, ಆಮೇಲೆ ಗುಳಿ ಬಿಟ್ಟು ಮುಂದಕ್ಕೆ ಜಾರುತ್ತದೆ. ತಿರುಗುವುದೂ ಜಾರುವುದೂ ಒಂದೇ ಕೀಲಿನಲ್ಲಿ ಆಗುವುದು ಇಲ್ಲಿನ ವಿಶೇಷ. ಮೂಳೆಯ ತಲೆಯ ಮೇಲೆ ಟೋಪಿಯ ಹಾಗೆ ಒಂದು ತೆಳು ಮೆದುಮೂಳೆಯ ಬಿಲ್ಲೆ ಕೂತಿರುತ್ತದೆ. ಅದು ಮುಂದಕ್ಕೆ ಸರಿದುಹೋಗಿ, ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಬಂದರೆ ‘ಟಕ್’ ಎಂಬ ಸದ್ದು. ಸರಿದದ್ದು ವಾಪಸ್ ಬಾರದಿದ್ದರೆ ಸದ್ದು ನಿಲ್ಲುತ್ತದೆ, ಬಾಯಿ ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಇನ್ನು ಮರಳು ತುಳಿದಂತೆ ‘ಕರಕರ’ ಅನ್ನುವ ಸದ್ದು ಮೂಳೆಯ ಮೇಲ್ಮೈ ಸವೆದಿರುವ ಸೂಚನೆ. ಅದು ಸಂಧಿವಾತದ ಜಾತಿಯದು.

ಕೀಲಿಗಿಂತ ಹೆಚ್ಚು ಮಂದಿಗೆ ನೋವು ಕೊಡುವುದು ಅದನ್ನು ಎಳೆದಾಡುವ ಸ್ನಾಯುಗಳು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಗಂಟಿನಂತೆ ಉಬ್ಬುವುದು ಮ್ಯಾಸೆಟರ್ ಸ್ನಾಯು. ಹಣೆಯ ಬದಿಯಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿರುವುದು ಟೆಂಪೊರಾಲಿಸ್. ತಲೆನೋವೆಂದು ಜನ ಬಾಮ್ ಹಚ್ಚಿಕೊಳ್ಳುವುದು ಈ ಎರಡನೆಯದರ ಮೇಲೇ.

ಮೊದಲ ಹೆಜ್ಜೆ: ಇದು ಬೇರೆ ಕಾಯಿಲೆಯಲ್ಲ ತಾನೇ?

ದವಡೆ ನೋಯುತ್ತಿದೆ ಎಂದ ಮಾತ್ರಕ್ಕೆ ತೊಂದರೆ ಕೀಲಿನಲ್ಲೇ ಇರಬೇಕೆಂದಿಲ್ಲ. ಮನೆಮದ್ದಿಗೆ ಕೂರುವ ಮೊದಲು ಕೆಲವು ಸಂಗತಿಗಳನ್ನು ಪಕ್ಕಾ ಮಾಡಿಕೊಳ್ಳಬೇಕು.

ಮೆಟ್ಟಿಲು ಹತ್ತುವಾಗ, ಬೇಗ ನಡೆಯುವಾಗ ದವಡೆ ನೋವು ಬಂದು ಕೂತರೆ ಇಳಿಯುತ್ತಿದೆ ಅಥವಾ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಇದೆ ಎಂದಾದರೆ ಅದು ಹೃದಯದ ನೋವಿರಬಹುದು. ಆಗ ಬಿಸಿ ಕಾವು ಕೊಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

50 ದಾಟಿದವರಿಗೆ ಹೊಸದಾಗಿ ಹಣೆಯ ಬದಿಯ ತಲೆನೋವು, ತಲೆ ಬಾಚುವಾಗ ನೆತ್ತಿ ನೋವು, ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋತುಹೋಗುವುದು, ಕಣ್ಣು ಮಂಜಾಗುವುದು ಶುರುವಾದರೆ ರಕ್ತನಾಳದ ಉರಿಯೂತದ ಅನುಮಾನವಿರುತ್ತದೆ. ಚಿಕಿತ್ಸೆ ತಡವಾದರೆ ದೃಷ್ಟಿ ಹೋಗುವ ಕಾಯಿಲೆ ಅದು. ಅದೇ ದಿನ ಫಿಸಿಷಿಯನ್‌ರನ್ನು ನೋಡಬೇಕು.

ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಗಾಳಿ ಸೋಕಿದಾಗ ಸೆಕೆಂಡುಗಳ ಮಟ್ಟಿಗೆ ಕರೆಂಟ್ ಹೊಡೆದ ಹಾಗಾದರೆ ಅದು ನರದ್ದು. ಅದಕ್ಕೆ ನ್ಯೂರಾಲಜಿ ವೈದ್ಯರು ಬೇಕು. ಜ್ವರದ ಜೊತೆ ದವಡೆ ಊದಿ ಬಾಯಿ ತೆರೆಯಲಾಗದಿದ್ದರೆ ಬುದ್ಧಿಹಲ್ಲಿನ ಸುತ್ತ ಕೀವಾಗಿರಬಹುದು. ನುಂಗಲು, ಉಸಿರಾಡಲು ಕಷ್ಟವಾಗುವ ತನಕ ಕಾಯಬೇಡಿ. ಗಾಯವಾಗಿ ಕೆಲವು ದಿನಗಳ ನಂತರ ದವಡೆ ಕಚ್ಚಿಕೊಂಡು ಕತ್ತು ಬಿಗಿಯುತ್ತಿದ್ದರೆ ಧನುರ್ವಾಯುವಿನ ಶಂಕೆ ಬರಬೇಕು.

ಕರ್ನಾಟಕದಲ್ಲಿ ಇನ್ನೊಂದನ್ನು ಬಿಡಿಸಿಯೇ ಹೇಳಬೇಕು: ಅಡಿಕೆ. ಗುಟ್ಕಾ, ಪಾನ್ ಮಸಾಲ, ಹೊಗೆಸೊಪ್ಪು ಹಾಕದ ಬರೀ ಅಡಿಕೆಯಾದರೂ ಸರಿ, ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟುತ್ತದೆ. ಮೊದಲು ಸಾರಿನ ಖಾರವೂ ತಡೆಯಲಾಗದೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯೊಳಗೆ ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ತಾಗುತ್ತವೆ, ಒಳಚರ್ಮ ಬಿಳಚಿಕೊಂಡಿರುತ್ತದೆ. ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಬರುತ್ತದೆ, ಕೀಲಿನಲ್ಲಿ ನೋವು ಅಷ್ಟಾಗಿ ಇರುವುದಿಲ್ಲ. ಇದರ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ವರದಿಯಲ್ಲಿ ಹೇಳಿದೆ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಅನ್ನ ಈ ಬೆಳೆಯಿಂದಲೇ ಬರುತ್ತದೆ, ಹಾಗಾಗಿ ಈ ಮಾತು ಅಲ್ಲಿ ಯಾರಿಗೂ ಹಿತವಾಗುವುದಿಲ್ಲ ಎಂದು ಗೊತ್ತು. ಆದರೂ ಬಾಯಿ ಕಿರಿದಾಗುತ್ತಿರುವ ಅಡಿಕೆ ಪ್ರಿಯರು ಕೀಲಿನ ವ್ಯಾಯಾಮ ಮಾಡುತ್ತಾ ದಿನ ಕಳೆಯುವುದು ಅಪಾಯ. ಎರಡು ಮೂರು ವಾರವಾದರೂ ಮಾಯದ ಹುಣ್ಣೋ ಗಂಟೋ ಬಾಯಲ್ಲಿದ್ದರಂತೂ ತಕ್ಷಣ ತೋರಿಸಬೇಕು.

ಎರಡನೆಯ ಹೆಜ್ಜೆ: ಕನ್ನಡಿ ಪರೀಕ್ಷೆ

ಐದು ನಿಮಿಷದ ಕೆಲಸ. ಬೆಳಕಿರುವ ಕಡೆ ಕನ್ನಡಿ, ಒಂದು ಸ್ಕೇಲು, ಬರೆದುಕೊಳ್ಳಲು ಪೆನ್ನು ಸಾಕು.

ಬಾಯಿ ಎಷ್ಟು ತೆರೆಯುತ್ತದೆ ನೋಡಿ. ನಿಮ್ಮದೇ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ತೂರಿಸಿ. ಮೂರೂ ಹಿಡಿಸಿದರೆ ಸರಿ. ಸ್ಕೇಲಿನಲ್ಲಿ ಅಳೆದರೆ ದೊಡ್ಡವರಿಗೆ ಸಾಮಾನ್ಯವಾಗಿ 40 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. 35ಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ ಎಂದರ್ಥ. ಅಳತೆಯನ್ನು ತಾರೀಕಿನ ಸಮೇತ ಬರೆದಿಡಿ, ಮುಂದೆ ಸುಧಾರಣೆ ಆಗುತ್ತಿದೆಯೋ ಇಲ್ಲವೋ ತಿಳಿಯಲು ಇದೇ ದಾಖಲೆ.

ಈಗ ಬಾಯಿಯನ್ನು ನಿಧಾನಕ್ಕೆ ತೆರೆಯುತ್ತಾ ಕೆಳಗಿನ ಎರಡು ಮುಂಬಲ್ಲುಗಳ ನಡುವಿನ ಗೆರೆಯನ್ನು ಗಮನಿಸಿ. ಅದು ನೇರ ಇಳಿಯಿತೆ? ಒಂದು ಬದಿಗೆ ಸೊಟ್ಟಗಾಗಿ, ಟಕ್ ಎಂದು, ಮತ್ತೆ ನಡುವಿಗೆ ಬಂದರೆ ಬಿಲ್ಲೆ ಸರಿದು ವಾಪಸ್ ಕೂರುತ್ತಿದೆ. ಒಂದೇ ಬದಿಗೆ ವಾಲಿ ಅಲ್ಲೇ ನಿಂತರೆ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಿದ್ದರೆ, ಸಾಮಾನ್ಯವಾಗಿ ವಾಲಿದ ಬದಿಯ ಕೀಲೇ ಸಿಕ್ಕಿಕೊಂಡಿರುತ್ತದೆ. ಹಲವು ತಿಂಗಳು ಟಕ್ ಎನ್ನುತ್ತಿದ್ದ ದವಡೆ ಒಂದು ಬೆಳಿಗ್ಗೆ ಸದ್ದು ನಿಲ್ಲಿಸಿ ಬಾಯಿಯನ್ನೂ ಅರ್ಧಕ್ಕೇ ನಿಲ್ಲಿಸಿತೆಂದರೆ ವಾಸಿಯಾಯಿತೆಂದು ಖುಷಿಪಡಬೇಡಿ. ಇದು ಹೊಸದಾಗಿದ್ದಾಗಲೇ ತೋರಿಸಿದರೆ ಬಿಡಿಸುವುದು ಸುಲಭ, ಆ ವಾರವೇ ಹೋಗಿ.

ಮೂರನೆಯದಾಗಿ ಒತ್ತಿ ನೋಡಿ. ಹಲ್ಲು ಕಚ್ಚಿ, ಉಬ್ಬಿದ ಮ್ಯಾಸೆಟರ್ ಎಲ್ಲಿದೆ ಎಂದು ಬೆರಳಲ್ಲಿ ಗುರುತಿಟ್ಟುಕೊಂಡು, ಹಲ್ಲು ಬಿಡಿಸಿ, ಅದೇ ಜಾಗವನ್ನು ಐದು ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಹಣೆಯ ಬದಿ, ಕಿವಿಯ ಮುಂದಿನ ಕೀಲು. ‘ಹಾ, ಇದೇ ನನ್ನ ನೋವು’ ಎಂದು ಅನಿಸಿದ ಜಾಗವೇ ಮುಖ್ಯ. ಬರೀ ಒತ್ತಿದ್ದಕ್ಕೆ ನೊಂದರೆ ಅದು ಲೆಕ್ಕಕ್ಕಿಲ್ಲ. ಸ್ನಾಯುವನ್ನು ಒತ್ತಿದಾಗ ನೋವು ಕೆಳಗಿನ ದವಡೆಹಲ್ಲಿಗೋ ಕಿವಿಯೊಳಗೋ ಹರಿದರೆ, ಹಲ್ಲು ಸರಿಯಿದ್ದೂ ಹಲ್ಲುನೋವು ಬರುತ್ತಿದ್ದದ್ದು ಯಾಕೆಂದು ಅಲ್ಲಿಗೆ ತಿಳಿಯುತ್ತದೆ.

ಕೊನೆಯದಾಗಿ ನಾಲಿಗೆ ಹೊರಚಾಚಿ. ಅಂಚಿನಲ್ಲಿ ಹಲ್ಲಿನ ಅಚ್ಚು ಅಲೆಅಲೆಯಾಗಿ ಮೂಡಿದೆಯೆ? ಕೆನ್ನೆಯ ಒಳಗೆ ಹಲ್ಲು ಕೂಡುವ ಎತ್ತರದಲ್ಲಿ ಬಿಳಿ ಗೆರೆ ಇದೆಯೆ? ಎರಡೂ ರೋಗವಲ್ಲ, ಹಲ್ಲು ಕಚ್ಚಿಡುವ ಅಭ್ಯಾಸ ನಿಮಗಿರಬಹುದು ಎಂಬ ಸುಳಿವು ಅಷ್ಟೇ.

ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಾ, ಬರೀ ಟಕ್ ಟಕ್ ಸದ್ದು ಮಾತ್ರ ಇದ್ದರೆ ಚಿಕಿತ್ಸೆಯೇ ಬೇಡ. ಯಾವ ತೊಂದರೆಯೂ ಇಲ್ಲದವರನ್ನು ಎಂಆರ್‌ಐ ಮಾಡಿ ನೋಡಿದರೂ ಸುಮಾರು ಮೂರರಲ್ಲೊಬ್ಬರಿಗೆ ಬಿಲ್ಲೆ ಸರಿದಿರುವುದು ಕಾಣುತ್ತದೆ. ಸದ್ದು ಬರುತ್ತದೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಬಾಯಿ ತೆರೆದು ಪರೀಕ್ಷಿಸುವುದನ್ನೂ ಬಿಡಿ. ಅದರಿಂದಲೇ ಕೀಲು ಕೆರಳುತ್ತದೆ.

ಮೂರನೆಯ ಹೆಜ್ಜೆ: ದವಡೆಗೆ ವಿಶ್ರಾಂತಿ ಕಲಿಸುವುದು

ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಇದೇ, ಜನ ಹಗುರಾಗಿ ಕಾಣುವುದೂ ಇದನ್ನೇ. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ ಮಾತ್ರ. ಎಲ್ಲ ಕೂಡಿಸಿದರೂ ದಿನಕ್ಕೆ ಅರ್ಧ ಗಂಟೆ ಮೀರದು. ಉಳಿದ ಹೊತ್ತೆಲ್ಲ ತುಟಿ ಮುಚ್ಚಿದ್ದರೂ ಹಲ್ಲು ಬಿಡಿಬಿಡಿಯಾಗಿರಬೇಕು. ಈ ಸಾಲು ಓದುತ್ತಿರುವ ಕ್ಷಣದಲ್ಲಿ ನಿಮ್ಮ ಹಲ್ಲು ಎಲ್ಲಿದೆ ನೋಡಿಕೊಳ್ಳಿ.

ಸರಿಯಾದ ಭಂಗಿ ಸಿಗಲು ಹೀಗೆ ಮಾಡಿ. ‘ಅಮ್ಮ’ ಎನ್ನಲು ಹೋಗಿ ‘ಮ್ಮ್’ನಲ್ಲೇ ನಿಲ್ಲಿಸಿ. ತುಟಿ ಕೂಡಿದೆ, ಹಲ್ಲು ಬಿಟ್ಟಿದೆ. ಈಗ ನಾಲಿಗೆಯ ತುದಿಯನ್ನು ‘ಲ್ಲ’ ಎನ್ನುವಾಗ ತಾಗುವ ಜಾಗದಲ್ಲಿ, ಅಂದರೆ ಮೇಲಿನ ಮುಂಬಲ್ಲುಗಳ ಹಿಂದಿನ ವಸಡಿನ ದಿಬ್ಬದ ಮೇಲೆ, ಹಗುರಾಗಿ ಇಟ್ಟು ಮೂಗಿನಲ್ಲಿ ಉಸಿರಾಡಿ. ದವಡೆ ತಾನಾಗಿ ತೂಗಿಬೀಳುತ್ತದೆ. ಇದೇ ವಿಶ್ರಾಂತಿಯ ಭಂಗಿ.

ನೆನಪಾಗುವುದೇ ಕಷ್ಟ. ಒಂದು ಹಾಳೆ ಸ್ಟಿಕ್ಕರ್ ಬೊಟ್ಟು ತಂದು ಲ್ಯಾಪ್‌ಟಾಪಿನ ಅಂಚಿಗೆ, ಕನ್ನಡಿಗೆ, ಗ್ಯಾಸ್ ಒಲೆಯ ಮೇಲಿನ ಗೋಡೆಗೆ, ಗಾಡಿಯ ಸ್ಪೀಡೋಮೀಟರ್ ಪಕ್ಕಕ್ಕೆ ಅಂಟಿಸಿ. ಬೊಟ್ಟು ಕಂಡಾಗಲೆಲ್ಲ ಹಲ್ಲು ಬಿಡಿಸಿ, ಹೆಗಲು ಇಳಿಸಿ. ಮೊದಲ ವಾರದಲ್ಲಿ ಪ್ರತಿ ಸಲವೂ ಹಲ್ಲು ಕಚ್ಚಿಕೊಂಡೇ ಸಿಕ್ಕಿಬೀಳುತ್ತೀರಿ. ಹಾಗೆ ಸಿಕ್ಕಿಬೀಳಲೆಂದೇ ಬೊಟ್ಟು ಅಂಟಿಸಿರುವುದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ ಕಳೆಯುವವರಿಗೆ ಸ್ಪೀಡೋಮೀಟರಿನ ಬೊಟ್ಟೇ ಹೆಚ್ಚು ಕೆಲಸ ಮಾಡೀತು.

ಬಿಡಬೇಕಾದ ಅಭ್ಯಾಸಗಳು ಒಬ್ಬೊಬ್ಬರದು ಒಂದೊಂದು. ಹೂ ಕಟ್ಟುವವರು, ಟೈಲರುಗಳು ದಾರವನ್ನು ಹಲ್ಲಲ್ಲೇ ಕಡಿಯುತ್ತಾರೆ. ಪಕ್ಕದಲ್ಲಿ ಕತ್ತರಿ ಇಟ್ಟುಕೊಳ್ಳಿ. ಉಗುರು, ಪೆನ್ನಿನ ತುದಿ, ಚೂಯಿಂಗ್ ಗಮ್ ಸಾಕು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಮಾತಾಡುವುದು, ಗದ್ದಕ್ಕೆ ಕೈಕೊಟ್ಟು ಕೂರುವುದು, ಬೋರಲು ಮಲಗುವುದು ಬೇಡ. ಆಕಳಿಕೆ ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗದ್ದದ ಕೆಳಗೆ ಮುಷ್ಟಿ ಕೊಡಿ. ಬಾಯಿ ಅಗಲಕ್ಕೆ ತೆರೆಯದಂತೆ ಅದು ತಡೆಯುತ್ತದೆ.

ಎರಡರಿಂದ ನಾಲ್ಕು ವಾರ ಮೆತ್ತನೆಯ ಊಟ. ಇಲ್ಲಿ ಹಳೇ ಮೈಸೂರು ಕಡೆಯವರು ಅದೃಷ್ಟವಂತರು: ಮುದ್ದೆಯನ್ನು ಅಗಿಯುವ ಪ್ರಶ್ನೆಯೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಇಡ್ಲಿ, ಮೆತ್ತಗಿನ ಅನ್ನ, ಮೊಸರನ್ನ, ಪೊಂಗಲ್, ಉಪ್ಪಿಟ್ಟು, ಗಂಜಿ, ಬೇಯಿಸಿದ ತರಕಾರಿ, ಮೊಟ್ಟೆ, ಬಾಳೆಹಣ್ಣು ಎಲ್ಲ ಆಗುತ್ತದೆ. ಉತ್ತರ ಕರ್ನಾಟಕದವರು ಖಡಕ್ ರೊಟ್ಟಿ ಬದಿಗಿಟ್ಟು ಬಿಸಿ ರೊಟ್ಟಿಯನ್ನು ಬೇಳೆಯಲ್ಲೋ ಮೊಸರಲ್ಲೋ ನೆನೆಸಿ ತಿನ್ನಿ. ಚಕ್ಕುಲಿ, ನಿಪ್ಪಟ್ಟು, ಹುರಿಗಾಳು, ಕೊಬ್ಬರಿ ತುಂಡು, ಎಲುಬು ಕಡಿಯುವ ಮಾಂಸ ಸದ್ಯಕ್ಕೆ ಬೇಡ. ಸಂಕ್ರಾಂತಿಯ ಕಬ್ಬನ್ನು ಸಿಗಿಯುವುದಕ್ಕಿಂತ ಹಾಲು ಕುಡಿಯಿರಿ. ಸೇಬು, ಸೀಬೆಯನ್ನು ಕಚ್ಚಿ ತಿನ್ನದೆ ಹೆಚ್ಚಿಕೊಳ್ಳಿ, ಎರಡೂ ಬದಿಯಲ್ಲಿ ಅಗಿಯಿರಿ. ನೋವು ಇಳಿದ ಮೇಲೂ ತಿಂಗಳುಗಟ್ಟಲೆ ಗಂಜಿಯಲ್ಲೇ ಇರುವುದು ಒಳ್ಳೆಯದಲ್ಲ. ಬಳಸದ ಸ್ನಾಯು ದುರ್ಬಲವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಕಾವು, ಕೈ, ವ್ಯಾಯಾಮ

ಬಿಸಿನೀರಿನಲ್ಲಿ ಹಿಂಡಿದ ಟವಲ್ ಅಥವಾ ಬಾಣಲೆಯಲ್ಲಿ ಬಿಸಿ ಮಾಡಿದ ಕಲ್ಲುಪ್ಪಿನ ಗಂಟನ್ನು ಕೆನ್ನೆಗೂ ಹಣೆಯ ಬದಿಗೂ 15ರಿಂದ 20 ನಿಮಿಷ, ದಿನಕ್ಕೆ ಎರಡು ಮೂರು ಸಲ ಇಡಿ. ಗಂಟನ್ನು ಮೊದಲು ಮೊಣಕೈ ಒಳಭಾಗಕ್ಕೆ ತಾಗಿಸಿ ನೋಡಿ, ಮುಖದ ಚರ್ಮ ಬೇಗ ಸುಡುತ್ತದೆ. ಏಟು ಬಿದ್ದು ಊದಿಕೊಂಡಿದ್ದರೆ ಮೊದಲ ಎರಡು ದಿನ ಬಿಸಿಯಲ್ಲ, ಬಟ್ಟೆಯಲ್ಲಿ ಸುತ್ತಿದ ಐಸು.

ಕಾವಿನ ನಂತರ ಹಲ್ಲು ಬಿಟ್ಟುಕೊಂಡು, ಮ್ಯಾಸೆಟರ್ ಮೇಲೆ ಎರಡು ಬೆರಳಲ್ಲಿ ಸಣ್ಣ ಸುತ್ತುಗಳಲ್ಲಿ ಒಂದೆರಡು ನಿಮಿಷ ತಿಕ್ಕಿ. ಇನ್ನೂ ಒಳಗೆ ಹೋಗಬೇಕೆಂದರೆ ಕೈ ತೊಳೆದು, ಹೆಬ್ಬೆರಳನ್ನು ಕೆನ್ನೆಯ ಒಳಗಿಟ್ಟು, ಹೊರಗಿನಿಂದ ತೋರುಬೆರಳು ಕೊಟ್ಟು ಸ್ನಾಯುವನ್ನು ಹಿಡಿದು ನಿಧಾನ ಹಿಚುಕಿ. ನೋವಿನ ಗಂಟು ಸಿಕ್ಕಲ್ಲಿ ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಕರಗಿದಂತೆ ಅನ್ನಿಸುತ್ತದೆ.

ವ್ಯಾಯಾಮಗಳಲ್ಲಿ ಮೊದಲನೆಯದು ನಾಲಿಗೆ ಅಂಟಿಸಿ ಬಾಯಿ ತೆರೆಯುವುದು. ತುದಿ ‘ಲ್ಲ’ ಜಾಗದಲ್ಲೇ ಇರಲಿ. ನಾಲಿಗೆ ಕಿತ್ತುಬರುವ ಹಂತದವರೆಗೆ ಮಾತ್ರ ತೆರೆದು ಮುಚ್ಚಿ. ಹೀಗೆ ತೆರೆದಾಗ ಕೀಲು ಬಹುತೇಕ ತಿರುಗುತ್ತದೆ, ಹೆಚ್ಚು ಜಾರುವುದಿಲ್ಲ. ಆರು ಸಲ, ದಿನಕ್ಕೆ ಆರು ಹೊತ್ತು. ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೊ ರೊಕಬಾಡೊ ರೂಢಿಗೆ ತಂದ ‘ಆರು-ಆರು’ ಕ್ರಮ ಇದು. ಎರಡನೆಯದು ಕನ್ನಡಿ ನೋಡುತ್ತಾ ಕೆಳಗಿನ ಹಲ್ಲಿನ ಗೆರೆಯನ್ನು ಸೊಟ್ಟಗಾಗದಂತೆ ನೇರ ಇಳಿಸುವುದು. ವಾಲುತ್ತಿದೆ ಎಂದಾಕ್ಷಣ ನಿಲ್ಲಿಸಿ, ಮತ್ತೆ ಶುರು. ಮೂರನೆಯದು ಗದ್ದದ ಕೆಳಗೆ ಮುಷ್ಟಿ ಕೊಟ್ಟು, ಅದರ ಹಗುರ ವಿರೋಧಕ್ಕೆ ಐದು ಸೆಕೆಂಡು ಬಾಯಿ ತೆರೆಯಲೆತ್ನಿಸುವುದು. ಇದರ ಜೊತೆ ಗೋಡೆಗೆ ಬೆನ್ನು ಕೊಟ್ಟು ನಿಂತು ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವ ಕತ್ತಿನ ವ್ಯಾಯಾಮವೂ ಇರಲಿ, ಏಕೆಂದರೆ ಲ್ಯಾಪ್‌ಟಾಪಿನತ್ತ ಚಾಚಿದ ಕತ್ತು ದವಡೆಯ ಸ್ನಾಯುಗಳನ್ನೂ ಬಿಗಿ ಮಾಡುತ್ತದೆ.

ವ್ಯಾಯಾಮದ ನಂತರ ಕೊಂಚ ಎಳೆತ ಅನಿಸಿದರೆ ಸರಿ. ನೋವು ಗಂಟೆಗಟ್ಟಲೆ ಉಳಿದರೆ ನೀವು ಜಾಸ್ತಿ ಮಾಡುತ್ತಿದ್ದೀರಿ, ಅರ್ಧಕ್ಕಿಳಿಸಿ. ಬಾಯಿ ಸಿಕ್ಕಿಕೊಂಡಿರುವವರು ಬೆರಳು ಹಾಕಿ ಬಲವಂತವಾಗಿ ಅಗಲಿಸುವ ವ್ಯಾಯಾಮವನ್ನು ಯೂಟ್ಯೂಬ್ ನೋಡಿ ಮಾಡಬಾರದು. ಅದನ್ನು ಫಿಸಿಯೋಥೆರಪಿಸ್ಟ್ ಕೈಯಿಂದಲೇ ಕಲಿಯಿರಿ.

ಮಾತ್ರೆಗಳ ವಿಷಯ ಚಿಕ್ಕದು. ತೀವ್ರ ನೋವಿಗೆ ಐಬುಪ್ರೊಫೆನ್ ಥರದ ನೋವುನಿವಾರಕಗಳನ್ನು ಊಟದ ನಂತರ, ಕೆಲವೇ ದಿನ, ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಹೃದ್ರೋಗ, ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ತಾವಾಗಿ ನುಂಗಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ. ನೋವು ತಿಂಗಳುಗಳ ಕಾಲ ಉಳಿದವರಿಗೆ ರಾತ್ರಿ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಡುವುದುಂಟು. ಅಂಗಡಿಯವನು ‘ಇದು ಡಿಪ್ರೆಶನ್ ಮಾತ್ರೆ’ ಎಂದರೆ ಗಾಬರಿಯಾಗಬೇಡಿ, ಈ ಪ್ರಮಾಣದಲ್ಲಿ ಅದನ್ನು ಕೊಡುವುದು ನೋವಿಗೇ.

ರಾತ್ರಿ ಹಲ್ಲು ಕಡಿಯುವವರು

ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಇದೆ ಎನ್ನುವುದು ನಮ್ಮಲ್ಲಿ ಮನೆಮನೆಯ ಮಾತು. ಬಹುತೇಕ ಮಕ್ಕಳು ವಯಸ್ಸಿಗೆ ಬರುತ್ತಾ ತಾವೇ ನಿಲ್ಲಿಸುತ್ತಾರೆ, ಹುಳದ ಔಷಧಕ್ಕೂ ಇದಕ್ಕೂ ಗಂಟು ಹಾಕಬೇಕಾಗಿಲ್ಲ. ದೊಡ್ಡವರಲ್ಲಿ ಒತ್ತಡ, ಸಂಜೆಯ ನಂತರದ ಕಾಫಿ, ಮದ್ಯ, ಸಿಗರೇಟು ಇದನ್ನು ಹೆಚ್ಚಿಸುತ್ತವೆ. ಎಸ್‌ಎಸ್‌ಆರ್‌ಐ ಜಾತಿಯ ಖಿನ್ನತೆ ಮಾತ್ರೆ ಶುರುಮಾಡಿದ ಮೇಲೆ ಬಂದಿದ್ದರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಜೋರು ಗೊರಕೆ, ಉಸಿರು ನಿಂತು ಬೆಚ್ಚಿ ಏಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಲೀಪ್ ಅಪ್ನಿಯಾ ಪರೀಕ್ಷೆ ಮಾಡಿಸಿ. ದವಡೆಯ ನೆಪದಲ್ಲಿ ಅದೂ ಪತ್ತೆಯಾದರೆ ಲಾಭವೇ.

ಐದನೆಯ ಹೆಜ್ಜೆ: ಯಾರ ಬಳಿ ಹೋಗಬೇಕು, ಏನು ಕೇಳಬೇಕು

ನಾಲ್ಕರಿಂದ ಆರು ವಾರ ಮೇಲಿನದನ್ನೆಲ್ಲ ಪ್ರಾಮಾಣಿಕವಾಗಿ ಮಾಡಿಯೂ ನೋವು ಇಳಿಯದಿದ್ದರೆ, ಅಥವಾ ಬಾಯಿ ಸಿಕ್ಕಿಕೊಂಡಿದ್ದರೆ ಮೊದಲೇ, ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ಅಂಡ್ ರೇಡಿಯಾಲಜಿ ವಿಭಾಗಕ್ಕೆ ಹೋಗಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ಖರ್ಚೂ ಕಡಿಮೆ. ಬಾಯಿ ತುಂಬಾ ಕಿರಿದಾಗಿದ್ದರೆ, ಏಟು ಬಿದ್ದಿದ್ದರೆ ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ ವಿಭಾಗ ನೋಡುತ್ತದೆ. ಕನ್ನಡಿ ಪರೀಕ್ಷೆಯ ಅಳತೆಗಳು, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ಒಪಿಜಿ ಎಕ್ಸ್‌ರೇಯಲ್ಲಿ ಮೂಳೆ, ಹಲ್ಲು ಕಾಣುತ್ತದೆ, ಬಿಲ್ಲೆ ಕಾಣುವುದಿಲ್ಲ. ಮೂಳೆಯನ್ನು ಸೂಕ್ಷ್ಮವಾಗಿ ನೋಡಲು ಸಿಬಿಸಿಟಿ ಎಂಬ ಸ್ಕ್ಯಾನ್, ಬಿಲ್ಲೆಗೆ ಎಂಆರ್‌ಐ. ಮೊದಲ ಭೇಟಿಯಲ್ಲೇ ಎಂಆರ್‌ಐ ಬರೆದರೆ ‘ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದಾ ಡಾಕ್ಟ್ರೇ?’ ಎಂದು ಕೇಳಿ. ಇಲ್ಲವೆಂದಾದರೆ ದುಡ್ಡು ಉಳಿಸಿ.

ಹಲ್ಲಿನ ಜೋಡಣೆ ಸರಿಯಿಲ್ಲದ್ದೇ ಎಲ್ಲಕ್ಕೂ ಕಾರಣ ಎಂಬ ನಂಬಿಕೆ ಹಳೆಯದು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಇಎನ್‌ಟಿ ವೈದ್ಯ ಜೇಮ್ಸ್ ಕಾಸ್ಟನ್, 11 ರೋಗಿಗಳನ್ನು ನೋಡಿ, ಹಿಂಭಾಗದ ಹಲ್ಲು ಹೋಗಿ ದವಡೆ ಕುಸಿದದ್ದರಿಂದ ಕಿವಿಯ ತೊಂದರೆ ಬರುತ್ತದೆ ಎಂದು ಬರೆದರು. ಆ ವಿವರಣೆಯನ್ನು ಆಮೇಲೆ ಅಂಗರಚನಾ ತಜ್ಞರು ಒಪ್ಪಲಿಲ್ಲ. ಆದರೂ ಹಲ್ಲು ಏರಿಸುವ, ಇಳಿಸುವ, ಉಜ್ಜುವ ಚಿಕಿತ್ಸೆ ದಶಕಗಟ್ಟಲೆ ನಡೆಯಿತು, ಈಗಲೂ ಅಲ್ಲಲ್ಲಿ ನಡೆಯುತ್ತಿದೆ. ನೋವಿಗೆಂದು ಒಳ್ಳೆಯ ಹಲ್ಲನ್ನು ಉಜ್ಜಲು, ಕ್ಯಾಪ್ ಸಾಲು ಹಾಕಲು, ತಂತಿ ಕಟ್ಟಲು ಯಾರಾದರೂ ಹೇಳಿದರೆ ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ತಂತಿಯಿಂದ ಹಲ್ಲು ಚಂದ ಕಾಣಬಹುದು. ನೋವು ಹೋಗುತ್ತದೆಂಬ ಭರವಸೆಗೆ ಆಧಾರವಿಲ್ಲ.

ನೈಟ್ ಗಾರ್ಡ್, ಸ್ಪ್ಲಿಂಟ್ ಎನ್ನುವ ಅಕ್ರಿಲಿಕ್ ತಟ್ಟೆಯ ಬಗ್ಗೆ ನಡುದಾರಿ ಒಳ್ಳೆಯದು. ರಾತ್ರಿ ಹಲ್ಲು ಸವೆಯದಂತೆ ಅದು ಕಾಯುತ್ತದೆ, ಕೆಲವರಿಗೆ ಬೆಳಗಿನ ನೋವೂ ಇಳಿಯುತ್ತದೆ. ಹಾಗೆಂದು ಅದು ಔಷಧವಲ್ಲ. ಮೂರು ತಿಂಗಳು ಮೀರಿದ ನೋವಿಗೆ ಯಾವ ಚಿಕಿತ್ಸೆ ಕೆಲಸ ಮಾಡುತ್ತದೆಂದು ತೂಗಿ ನೋಡಿ 2023ರ ಡಿಸೆಂಬರಿನಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಗಟ್ಟಿ ಶಿಫಾರಸು ಸಿಕ್ಕಿದ್ದು ಫಿಸಿಯೋಥೆರಪಿಸ್ಟರ ನಿಗಾದ ದವಡೆ ಮತ್ತು ಭಂಗಿಯ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ಮತ್ತು ನೋವಿನೊಂದಿಗೆ ಹೊಂದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಮನೋಚಿಕಿತ್ಸೆಗೆ. ಸ್ಪ್ಲಿಂಟ್, ಬೊಟಾಕ್ಸ್, ಲೇಸರ್, ಕೀಲು ತೊಳೆಯುವುದು ಇವೆಲ್ಲವುಗಳ ಬಗ್ಗೆ ಆ ತಂಡಕ್ಕೆ ಅಷ್ಟೇನೂ ಒಲವಿರಲಿಲ್ಲ. ಸ್ಪ್ಲಿಂಟ್ ಮಾಡಿಸುವುದಾದರೆ ಅಳತೆ ತೆಗೆದು ಮಾಡಿದ ಗಟ್ಟಿ ತಟ್ಟೆಯನ್ನೇ ಮಾಡಿಸಿ, ಎಲ್ಲ ಹಲ್ಲನ್ನೂ ಮುಚ್ಚಲಿ, ರಾತ್ರಿ ಮಾತ್ರ ಹಾಕಿ. ಹಗಲೂ ರಾತ್ರಿ ಹಾಕಿದರೆ, ಅಥವಾ ಕೆಲವೇ ಹಲ್ಲು ಮುಚ್ಚುವ ತುಂಡು ತಟ್ಟೆ ಹಾಕಿದರೆ, ಹಲ್ಲಿನ ಜೋಡಣೆಯೇ ಬದಲಾಗಿ ಹೊಸ ಸಮಸ್ಯೆ ಶುರುವಾಗುತ್ತದೆ.

ಬಿಲ್ಲೆ ಸಿಕ್ಕಿ ಬಾಯಿ ತೆರೆಯದವರಿಗೆ ಎರಡು ಸೂಜಿ ಚುಚ್ಚಿ ಕೀಲನ್ನು ದ್ರವದಿಂದ ತೊಳೆಯುವ ಆರ್ಥ್ರೊಸೆಂಟಿಸಿಸ್ ಉಪಯೋಗಕ್ಕೆ ಬರುವುದುಂಟು. ತೆರೆದ ಶಸ್ತ್ರಚಿಕಿತ್ಸೆ ಬೇಕಾಗುವುದು ಬೆರಳೆಣಿಕೆಯ ಮಂದಿಗೆ: ಕೀಲು ಬೆಸೆದುಹೋದವರು, ಗಡ್ಡೆ ಇರುವವರು, ತೀವ್ರ ಸಂಧಿವಾತದವರು. 1980ರ ದಶಕದಲ್ಲಿ ಅಮೆರಿಕದ ವೈಟೆಕ್ ಕಂಪನಿಯ ಟೆಫ್ಲಾನ್ ಬಿಲ್ಲೆಗಳನ್ನು ಸಾವಿರಾರು ಜನರ ದವಡೆಗೆ ಕೂರಿಸಲಾಯಿತು. ಅವು ಪುಡಿಯಾಗಿ, ಸುತ್ತಲಿನ ಮೂಳೆಯೇ ಕರಗತೊಡಗಿತು. 1990ರ ಹೊತ್ತಿಗೆ ಹಿಂದಕ್ಕೆ ಪಡೆಯಬೇಕಾಯಿತು. ಟಿಎಂಜೆ ಸರ್ಜನ್ನರು ಇಂದು ಚಾಕು ಹಿಡಿಯಲು ಹಿಂಜರಿಯುವುದಕ್ಕೆ ಆ ಅನುಭವವೂ ಒಂದು ಕಾರಣ.

ಬಾಯಿ ತೆರೆದದ್ದು ಮುಚ್ಚದೇ ಹೋದರೆ

ಜೋರಾಗಿ ಆಕಳಿಸಿದಾಗ, ಹಲ್ಲಿನ ಚಿಕಿತ್ಸೆಗೆ ಬಹಳ ಹೊತ್ತು ಬಾಯಿ ತೆರೆದಾಗ ಕೀಲು ಮುಂದಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಬಾಯಿ ತೆರೆದೇ ಇರುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ಬರುವುದಿಲ್ಲ. ಕೆನ್ನೆಗೆ ಬಾರಿಸಿದರೆ ಸರಿಹೋಗುತ್ತದೆ ಎನ್ನುವವರನ್ನು ದೂರವಿಡಿ. ರೋಗಿಯನ್ನು ಕೂರಿಸಿ, ಗದ್ದದ ಕೆಳಗೆ ಟವಲ್ ಹಿಡಿದು, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಹೆಬ್ಬೆರಳಿಗೆ ಗಾಜ್ ಸುತ್ತಿಕೊಂಡು ಕೆಳಗಿನ ಹಿಂಭಾಗದ ಹಲ್ಲುಗಳನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತಾರೆ. ಹೊತ್ತು ಕಳೆದಷ್ಟೂ ಸ್ನಾಯು ಬಿಗಿದು ಕೆಲಸ ಕಷ್ಟವಾಗುತ್ತದೆ. ಕೂರಿಸಿದ ಮೇಲೆ ಎರಡು ಮೂರು ವಾರ ಅಗಲಕ್ಕೆ ಬಾಯಿ ತೆರೆಯಬಾರದು.

ಗದ್ದ ಬಡಿದುಕೊಂಡ ಮಕ್ಕಳು

ಮಗು ಗೋಡೆಯಿಂದಲೋ ಸೈಕಲ್‌ನಿಂದಲೋ ಬಿದ್ದು ಗದ್ದ ಒಡೆದುಕೊಂಡರೆ ಹೊಲಿಗೆ ಹಾಕಿಸಿ ಮನೆಗೆ ಬರುತ್ತೇವೆ. ಏಟಿನ ರಭಸ ಗದ್ದದಿಂದ ನೇರ ಕಿವಿಯ ಮುಂದಿನ ಕೀಲಿಗೆ ಹೋಗಿ ಅಲ್ಲಿ ಮೂಳೆ ಮುರಿದಿರಬಹುದು, ಹೊರಗೆ ಏನೂ ಕಾಣುವುದಿಲ್ಲ. ಮುರಿದದ್ದು ಗೊತ್ತಾಗದೆ, ನೋವೆಂದು ಮಗು ಬಾಯಿ ಅಲ್ಲಾಡಿಸದೆ ಉಳಿದರೆ ಕೀಲು ತಲೆಬುರುಡೆಗೆ ಬೆಸೆದುಕೊಂಡು ಬಾಯಿ ತೆರೆಯದಂತಾಗುತ್ತದೆ. ಕೆಳದವಡೆ ಆ ಬದಿಯಲ್ಲಿ ಬೆಳೆಯದೆ ಮುಖ ಸೊಟ್ಟಗಾಗುತ್ತದೆ. ಇದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕು.

ಹಾಗಾಗಿ ಗದ್ದಕ್ಕೆ ಏಟು ಬಿದ್ದ ಮಗುವಿಗೆ ಅದೇ ದಿನ ದವಡೆಯ ಎಕ್ಸ್‌ರೇ ಬೇಕಾ ಎಂದು ವೈದ್ಯರನ್ನು ಕೇಳಿ. ಕಚ್ಚಿದಾಗ ಹಲ್ಲು ಮೊದಲಿನಂತೆ ಕೂಡುತ್ತದೆಯೆ, ಕಿವಿಯ ಮುಂದೆ ಊತವಿದೆಯೆ, ಕಿವಿಯಿಂದ ರಕ್ತ ಬಂತೆ ನೋಡಿ. ಹೊಲಿಗೆ ಬಿಚ್ಚಿದ ಮೇಲೂ ಕೆಲವು ತಿಂಗಳು ವಾರಕ್ಕೊಮ್ಮೆ ಮಗುವಿನ ಮೂರು ಬೆರಳು ಅದರ ಬಾಯಲ್ಲಿ ಹಿಡಿಸುತ್ತದೆಯೇ ಎಂದು ಪರೀಕ್ಷಿಸಿ. ಮೂರು ಇದ್ದದ್ದು ಎರಡಕ್ಕೆ ಇಳಿಯಿತೆಂದರೆ ಮುಂದಿನ ವಾರದವರೆಗೆ ಕಾಯದೆ ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಬಳಿ ಕರೆದೊಯ್ಯಿರಿ.